ಹಾಡು ಬಾರಿಸ್ತೀರೋ, ಹಾಡನ್ನೇ ಓಡಿಸ್ತೀರೋ?

ಈ ವಾರ ನನ್ನ ಪುಟದಲ್ಲಿ ತಾರೆಯರ ಸುದ್ದಿ ಇಲ್ಲ. ಯಾರ ಚಿತ್ರ ಯಾವ ಶುಕ್ರವಾರ, ಯಾರಿಗೆ ಯಾರ ಮೇಲೆ ಕೋಪ ಅನ್ನೋದಕ್ಕೆಲ್ಲ ಇದೇ ಸಂಚಿಕೆಯಲ್ಲಿ ಬೇರೆ ಪುಟಗಳಿವೆ, ಬಣ್ಣದ್ದು! ಬಸ್ಸು ಹೊರಡೋಕೆ ಇನ್ನೂ ಹೊತ್ತಿದ್ದರೆ ಮೊದಲು ಅದನ್ನೇ ನೋಡಿ ಬನ್ನಿ. ನಾನು ಇಲ್ಲೇ ಇರ್ತೀನಿ.

ಬಂದಿರಾ? ಸರಿ. ಕಳಸದ ಕಡೆಯಿಂದ ಒಂದು ಕಾರ್ಡು ಬಂದಿದೆ. ಎರಡೂ ಬದಿ ಇರುವೆ ಸಾಲಿನ ಹಾಗೆ ಅಕ್ಷರ. ಬರೆದವರು ಇನ್ನೂ ಹುಡುಗರು, ಎಸ್ಟೇಟ್ ಲೈನ್ ಮನೆಯವರು. ಮೂರು ವರ್ಷದಿಂದ ಡ್ರಮ್ಸ್ ಬಾರಿಸ್ತಿದ್ದಾರಂತೆ. ನಲವತ್ತು ಹಾಡು ಬರುತ್ತಂತೆ. ‘ಕಲಿಯೋರ ಸಾಲಲ್ಲೂ ಇಲ್ಲ, ಬಲ್ಲೋರ ಸಾಲಲ್ಲೂ ಇಲ್ಲ, ಮಧ್ಯದಲ್ಲಿ ನಿಂತುಬಿಟ್ಟಿದ್ದೀನಿ ಸಾರ್. ಗಣಪತಿ ಹಬ್ಬಕ್ಕೆ ಒಂದು ತಂಡದವರು ಕರೀತೀವಿ ಅಂದಿದ್ದಾರೆ. ಅಷ್ಟರೊಳಗೆ ಯಾವ ಹಾಡು ಅಭ್ಯಾಸ ಮಾಡಿದ್ರೆ ಕೈ ಮುಂದೆ ಹೋಗುತ್ತೆ?’ ಅಂತ ಪ್ರಶ್ನೆ.

ಈ ಪ್ರಶ್ನೆಯ ಹಿಂದಿರುವ ಭಯ ನನಗೆ ಗೊತ್ತು. ಈಗಿನ ಆರ್ಕೆಸ್ಟ್ರಾಗಳಿಗೆ ಡ್ರಮ್ ಸೆಟ್ ಅಂದರೆ ತಲೆನೋವು. ಅದನ್ನು ಸಾಗಿಸೋಕೆ ಟೆಂಪೋ ಬೇಕು, ವೇದಿಕೆಯಲ್ಲಿ ಅರ್ಧ ಜಾಗ ಬೇಕು, ಮೈಕು ನಾಲ್ಕೈದು ಬೇಕು. ರಿದಂ ಪ್ಯಾಡ್ ಆದರೆ ಒಂದು ಚೀಲಕ್ಕೆ ಹಾಕಿಕೊಂಡು ಸರ್ಕಾರಿ ಬಸ್ಸಿನಲ್ಲೇ ಹೋಗಬಹುದು! ಇಂಥ ಕಾಲದಲ್ಲೂ ಒಂದು ತಂಡ ‘ಸೆಟ್ ತಗೊಂಡು ಬಾ’ ಅಂತ ಹುಡುಗನನ್ನು ಕರೀತಾರೆ ಅಂದರೆ ಅದು ಒಂದೇ ಅವಕಾಶ. ಕೆಟ್ಟರೆ ಮತ್ತೆ ಕರೆಯೋಲ್ಲ.

ನನ್ನನ್ನು ಕರೆದದ್ದೂ ಹಾಗೇ, ಕೆಟ್ಟದ್ದೂ ಹಾಗೇ. ಹೇಳಿಬಿಡ್ತೀನಿ.

ನಾನು ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು. ಅಪ್ಪ ಮೂಡಿಗೆರೆ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್. ಮಗ ಪುಸ್ತಕ ಬಿಟ್ಟು ಸ್ಟಿಕ್ ಹಿಡಿದಾಗ ಅವರು ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅಮ್ಮ ಚೀಟಿ ಹಣ ಎತ್ತಿ ಹಳೇ ಸೆಟ್ ಒಂದನ್ನು ಕೊಡಿಸಿದರು. ಆ ಚೀಟಿ ತೀರೋ ಮೊದಲೇ ನಾನು ದೊಡ್ಡ ಡ್ರಮ್ಮರ್ ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ! 2018ರ ಗಣಪತಿ ಹಬ್ಬ. ಚಿಕ್ಕಮಗಳೂರು ಕಡೆಯ ಒಂದು ಹಳ್ಳಿ. ಒಂದು ತಂಡದ ಡ್ರಮ್ಮರ್‌ಗೆ ಜ್ವರ, ಬದಲಿಗೆ ನಾನು. ಮೊದಲು ‘ಗೀತಾ’ ಚಿತ್ರದ ‘ಸಂತೋಷಕ್ಕೆ’. ಶಂಕರ್ ನಾಗ್ ಹೆಸರು ಹೇಳಿದ ಕೂಡಲೇ ಜನ ಎದ್ದು ನಿಂತರು. ಶಿಳ್ಳೆ, ಟವೆಲ್ಲು ಗಾಳಿಯಲ್ಲಿ! ನನ್ನ ಕೈಯೂ ಗಾಳಿಯಲ್ಲಿ! ನಾಲ್ಕು ಸಾಲಿಗೊಂದು ರೋಲ್, ರೋಲ್‌ಗೊಂದು ಸಿಂಬಲ್. ಆಹಾ, ನಾನೇ ರಾಜ ಅನ್ನಿಸಿತು.

ಮೂರನೆಯ ಹಾಡಿಗೆ ಒಬ್ಬ ಹಿರಿಯ ಗಾಯಕಿ ಮೈಕಿನ ಮುಂದೆ ಬಂದರು. ‘ಬಯಲುದಾರಿ’ಯ ‘ಬಾನಲ್ಲೂ ನೀನೆ’. 1976ರ ಚಿತ್ರ, ರಾಜನ್-ನಾಗೇಂದ್ರ ಅವರ ರಾಗ, ಎಸ್. ಜಾನಕಿಯಮ್ಮನವರ ಕಂಠ. ಆ ಹಾಡಿನಲ್ಲಿ ಡ್ರಮ್ಮರ್‌ಗೆ ಕೆಲಸವೇ ಕಡಿಮೆ. ‘ಇದೇನು ಮಹಾ’ ಅಂದುಕೊಂಡೆ. ಅಲ್ಲೇ ಸಿಕ್ಕಿಬಿದ್ದದ್ದು. ಹಿಂದಿನ ಹಾಡಿನ ಬಿಸಿ ಕೈಯಲ್ಲಿ ಇನ್ನೂ ಇತ್ತು. ಪಲ್ಲವಿ ಮುಗಿಯೋದರೊಳಗೆ ಹಾಡು ಓಡತೊಡಗಿತು. ಅವರು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ನಾನು ಮೊದಲೇ ಹೋಗಿ ಕೂತಿರ್ತಿದ್ದೆ. ಒಮ್ಮೆ ತಿರುಗಿ ನೋಡಿದರು. ನನಗೆ ಅರ್ಥವಾಗಲಿಲ್ಲ, ಮೆಚ್ಚುಗೆ ಅಂದುಕೊಂಡು ನಕ್ಕೆ! ಎರಡನೇ ಚರಣಕ್ಕೆ ಬಂದಾಗ ಎಡಗೈ ಹಿಂದಕ್ಕೆ ಚಾಚಿ, ಸುಮ್ಮನಿರು ಅಂತ ಸನ್ನೆ ಮಾಡಿದರು. ಉಳಿದ ಹಾಡು ಕೀಬೋರ್ಡ್ ಮತ್ತು ತಬಲಾದ ಮೇಲೇ ಮುಗಿಯಿತು. ನಾನು ಸ್ಟಿಕ್ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಸಾವಿರ ಜನರ ಎದುರು ಕೂತಿದ್ದೆ. ಸೆಟ್ ಹಿಂದೆ ಬಚ್ಚಿಟ್ಟುಕೊಳ್ಳೋಣ ಅಂದರೆ ಡ್ರಮ್ ಸೆಟ್ ಅಷ್ಟು ದೊಡ್ಡದಲ್ಲ ನೋಡಿ.

ಆ ತಂಡದವರು ಮತ್ತೆ ಫೋನ್ ಮಾಡಲಿಲ್ಲ. ಆದರೆ ಅಲ್ಲಿ ತಬಲಾ ನುಡಿಸಿದವರು ನನ್ನ ಜೊತೆಗೇ ಮೂಡಿಗೆರೆ ಬಸ್ ಹತ್ತಿದರು. ಅರವತ್ತು ದಾಟಿದವರು. ಊರವರಿಗೆ ಅವರು ಟೈಲರ್, ನನಗೆ ಅವತ್ತಿನಿಂದ ಮೇಷ್ಟ್ರು. ಅರ್ಧ ದಾರಿ ಮಾತಿಲ್ಲ. ಆಮೇಲೆ ಅಂದರು:

“ನೀನು ಹಾಡು ಬಾರಿಸ್ತಿಲ್ಲ ಮಾರಾಯ, ಹಾಡನ್ನ ಓಡಿಸ್ತಿದೀಯ. ಮನೇಲಿ ಯಾವ ಹಾಡು ಪ್ರಾಕ್ಟೀಸ್ ಮಾಡೋದು?”

ಪಟ್ಟಿ ಹೇಳಿದೆ. ಎಲ್ಲ ಕುಣಿಯೋ ಹಾಡೇ. ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರು ಇಂಗ್ಲಿಷ್‌ನಲ್ಲಿ ಹಾಡಿದ್ದರಿಂದ ಹಿಡಿದು ‘ಆನಂದ್’ ಚಿತ್ರದ ‘ಟುವ್ವಿ ಟುವ್ವಿ’ವರೆಗೆ.

“ಹಂಗಾದ್ರೆ ನಿಂಗೆ ಬರೋದನ್ನೇ ದಿನಾ ಮಾಡ್ತಾ ಇದೀಯ. ಬರದೇ ಇರೋದನ್ನ ಯಾವಾಗ ಮಾಡೋದು?”

ಕಳಸದ ತಮ್ಮಾ, ನಿಮ್ಮ ಕಾರ್ಡಿಗೆ ನನ್ನ ಮೊದಲ ಉತ್ತರ ಇದೇ. ನಲವತ್ತು ಹಾಡಿನ ಪಟ್ಟಿ ಮಡಿಚಿಡಿ. ಅದು ವೇದಿಕೆಯ ಪಟ್ಟಿ. ಅಭ್ಯಾಸದ ಪಟ್ಟಿ ಬೇರೆ. ವೇದಿಕೆಗೆ ಜನ ಮೆಚ್ಚುವ ಹಾಡು ಆರಿಸಬೇಕು. ಅಭ್ಯಾಸಕ್ಕೆ ನಮ್ಮ ಹುಳುಕು ಹೊರಗೆ ಹಾಕುವ ಹಾಡು ಆರಿಸಬೇಕು. ಜೂನ್‌ನಿಂದ ಗಣಪತಿವರೆಗೆ ನಮ್ಮ ಮಲೆನಾಡಿನಲ್ಲಿ ವೇದಿಕೆಯೇ ಇಲ್ಲವಲ್ಲ, ಆ ಮಳೆಗಾಲಕ್ಕೆಲ್ಲ ಸೇರಿ ನಾಲ್ಕು ಹಾಡು ಸಾಕು.

ಮೇಷ್ಟ್ರು ನನಗೆ ಕೊಟ್ಟ ಮೊದಲ ಹಾಡು ಯಾವುದು ಹೇಳಿ? ಅದೇ! ‘ಬಾನಲ್ಲೂ ನೀನೆ’. ಗಾಯದ ಮೇಲೇ ಉಪ್ಪು. ನಿಧಾನದ ಹಾಡು ಸುಲಭ ಅಂತ ನಾವು ತಿಳಿದಿದ್ದೇವೆ, ಅದು ಶುದ್ಧ ತಪ್ಪು. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅರ್ಧ ಸೆಕೆಂಡು. ಕೈ ತಾನಾಗಿಯೇ ಹೋಗುತ್ತೆ, ಯೋಚನೆಗೆ ಜಾಗವಿಲ್ಲ. ಅದೇ 60 ಎಣಿಕೆಯಲ್ಲಿ ಪೂರ್ತಿ ಒಂದು ಸೆಕೆಂಡು ಖಾಲಿ. ಆ ಖಾಲಿ ಜಾಗದಲ್ಲಿ ಕೈಗೆ ಭಯ ಹುಟ್ಟುತ್ತೆ. ಎಲ್ಲಿ ತಡವಾಯಿತೋ ಅಂತ ಮುಂಚೆಯೇ ಬೀಳುತ್ತೆ. ಹೀಗೆ ಕೂದಲೆಳೆಯಷ್ಟು ಮುಂಚೆ, ಮತ್ತೆ ಕೂದಲೆಳೆಯಷ್ಟು ಮುಂಚೆ... ಚರಣಕ್ಕೆ ಬರುವಷ್ಟರಲ್ಲಿ ಹಾಡು ಇಳಿಜಾರಿನ ಬಸ್ಸು!

ಅದಕ್ಕೆ ಮದ್ದೂ ಮೇಷ್ಟ್ರೇ ಹೇಳಿದರು. ಕೈಗೆ ಕೆಲಸವಿಲ್ಲದ ಕಡೆ ಬಾಯಿಗೆ ಕೆಲಸ ಕೊಡು, ಹಾಡು. ಹೌದು ಸ್ವಾಮಿ, ಬಾರಿಸ್ತಾ ಬಾರಿಸ್ತಾ ಪೂರ್ತಿ ಹಾಡು ಬಾಯಲ್ಲಿ ಹಾಡಬೇಕು. ಶ್ರುತಿ ಹೇಗಾದರೂ ಇರಲಿ, ಉಸಿರು ಎಲ್ಲಿ ಬೇಕು ಅಂತ ಗೊತ್ತಾಗುತ್ತೆ. ನಿಮಗೇ ಉಸಿರು ಕಟ್ಟಿದ ಜಾಗದಲ್ಲಿ ನೀವು ಓಡಿದ್ದೀರಿ ಅಂತ ಅರ್ಥ. ಈ ಒಂದು ಪರೀಕ್ಷೆ ನನಗೆ ಮೊದಲ ವಾರವೇ ಹನ್ನೊಂದು ಕಡೆ ತಪ್ಪು ತೋರಿಸಿತು. ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೆ, ಇನ್ನೂ ಆ ಚೀಟಿ ಇದೆ.

ಇನ್ನು ಸದ್ದು. ನಿಧಾನದ ಹಾಡಿಗೆ ಸ್ನೇರ್‌ನ ನಡುವೆ ಹೊಡೆಯಬೇಡಿ. ಸ್ಟಿಕ್ಕನ್ನು ಅಡ್ಡ ಮಲಗಿಸಿ, ತುದಿ ಚರ್ಮದ ಮೇಲೇ ಇರಲಿ, ಹಿಡಿಕೆಯ ಕಡೆಯಿಂದ ಅಂಚಿನ ಬಳೆಗೆ ತಟ್ಟಿ. ‘ಟೊಕ್’ ಅನ್ನುವ ಮರದ ಸದ್ದು ಬರುತ್ತೆ. (ಚರ್ಮ ಅಂದೆ, ಈಗಿನ ಡ್ರಮ್ಮಿನದು ಪ್ಲಾಸ್ಟಿಕ್ಕು. ನಮ್ಮ ಕಡೆಯ ಮಳೆಗೆ ತಬಲಾ, ಚೆಂಡೆಯ ನಿಜವಾದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತೆ. ಆ ಒಂದು ಕಷ್ಟ ನಮಗಿಲ್ಲ.) ಪಕ್ಕದ ಕೋಣೆಯಲ್ಲಿ ಮಲಗಿರುವ ಮಗು ಏಳಬಾರದು, ಅಷ್ಟು ಮೆಲ್ಲಗೆ ಇಡೀ ಹಾಡು ಬಾರಿಸಿ ನೋಡಿ. ಜೋರಾಗಿ ಬಾರಿಸೋದು ತೋಳಿನ ಕೆಲಸ, ಮೆಲ್ಲಗೆ ಬಾರಿಸೋದು ಮಣಿಕಟ್ಟಿನದು.

ಎರಡನೆಯದು ಕನ್ನಡದ ಹಾಡಲ್ಲ, ಕ್ಷಮಿಸಿ. ಮೈಕಲ್ ಜಾಕ್ಸನ್‌ನ ‘ಬಿಲ್ಲಿ ಜೀನ್’. 1982ರ ‘ಥ್ರಿಲ್ಲರ್’ ಆಲ್ಬಮ್ಮಿನದು. ಡ್ರಮ್ಸ್ ಬಾರಿಸಿದವರು ಎನ್ಡೂಗು ಚಾನ್ಸ್‌ಲರ್ ಎಂಬ ಕಲಾವಿದರು. ಒಂದು-ಮೂರಕ್ಕೆ ಬೇಸ್, ಎರಡು-ನಾಲ್ಕಕ್ಕೆ ಸ್ನೇರ್, ಮೇಲೆ ಹೈ-ಹ್ಯಾಟ್. ಕಲಿಯೋಕೆ ಕೂತ ಮೊದಲ ದಿನವೇ ಎಲ್ಲರಿಗೂ ಹೇಳಿಕೊಡುವ ಬಡಿತ! ಹೆಚ್ಚುಕಡಿಮೆ ಐದು ನಿಮಿಷ ಅದೇ. ರೋಲ್ ಹೊಡೆಯುವ ಆಸೆ ಎಷ್ಟು ಸಾರಿ ಬರುತ್ತೆ ಅಂತ ಎಣಿಸಿಕೊಳ್ಳಿ. ನನಗೆ ಮೊದಲ ದಿನ ಮೂವತ್ತು ಸಾರಿ ಬಂತು. ಆಸೆ ಬಂದಾಗಲೆಲ್ಲ ಕೈ ಬಿಗಿಯಾಗುತ್ತೆ, ಬಿಗಿಯಾದ ಕೈ ಓಡುತ್ತೆ.

ಬೇಸ್ ಕಾಲಿನ ವಿಷಯಕ್ಕೆ ಮೇಷ್ಟ್ರು ನನ್ನನ್ನು ಅಂಗಡಿಗೆ ಕರೆಸಿ ಹೊಲಿಗೆ ಮೆಷಿನ್ ತುಳಿಸಿದರು. ತಮಾಷೆಯಲ್ಲ. ಪೆಡಲ್ ಸಮನಾಗಿ ತುಳಿಯದಿದ್ದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಹೋಗುತ್ತೆ. ಒಂದು ವಾರ ಯಾರದೋ ಪೆಟಿಕೋಟಿನ ಅಂಚು ಹೊಲಿದೆ. ಕೂಲಿ ಕೊಡಲಿಲ್ಲ, ಕಾಫಿ ಕೊಟ್ಟರು.

ಮೂರನೇ ಹಾಡು ‘ಗೀತಾ’ ಚಿತ್ರದ್ದೇ, ಆದರೆ ಕುಣಿಯೋದಲ್ಲ. ‘ಜೊತೆಯಲಿ’. 1981, ಇಳಯರಾಜ. ಎಸ್‌ಪಿಬಿ ಮತ್ತು ಜಾನಕಿಯಮ್ಮ. (ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು ಅಂತ ಹೊಸ ಓದುಗರಿಗೆ ನೆನಪಿಸ್ತೀನಿ. ನಮಗೂ ಸ್ವಲ್ಪ ಹೆಮ್ಮೆ ಇರಲಿ!) ಈ ಹಾಡನ್ನೇ ಯಾಕೆ ಆರಿಸಿದೆ ಅಂದರೆ, ಅದೇ ರಾಗವನ್ನು ಇಳಯರಾಜರು 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಚಿತ್ರದಲ್ಲಿ ಬಳಸಿದರು. 2007ರಲ್ಲಿ ಹಿಂದಿಯ ‘ಚೀನಿ ಕಮ್’ನಲ್ಲಿ ಮತ್ತೆ ಬಂತು, ಶ್ರೇಯಾ ಘೋಷಾಲ್ ಹಾಡಿದರು. ಒಂದೇ ಹುಡುಗಿ, ಮೂರು ಸೀರೆ! ಮೂರನ್ನೂ ಮೊಬೈಲಿನಲ್ಲಿ ಒಂದಾದ ಮೇಲೊಂದು ಕೇಳಿ. ಸ್ಟಿಕ್ ಮುಟ್ಟಬೇಡಿ, ಮೂರು ದಿನ ಬರೀ ಕೇಳಿ. ಬೇಸ್ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ, ತಾಳ ಎಲ್ಲಿ ಹಿಂದೆ ಸರಿದು ಗಾಯಕಿಗೆ ದಾರಿ ಬಿಟ್ಟಿತು ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಬಾರಿಸಿ. ಹಾಡು ಬದಲಾಗದೆ ಬಡಿತ ಮಾತ್ರ ಬದಲಾದರೆ ಏನಾಗುತ್ತೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೇ ಪಾಠ ನನಗಂತೂ ಸಿಕ್ಕಿಲ್ಲ. ಇಳಯರಾಜರ ಬಳಗದಲ್ಲಿ ಡ್ರಮ್ಸ್ ಬಾರಿಸಿ, ವಾದ್ಯವೃಂದವನ್ನೂ ನಡೆಸುತ್ತಿದ್ದ ಪುರುಷೋತ್ತಮನ್ ಎಂಬ ಹಿರಿಯರಿದ್ದರು. ಡ್ರಮ್ಮರ್ ಆದವನು ಇಡೀ ಮೇಳದ ಕಾಗದ ಓದಬಲ್ಲವನಾದರೆ ಎಲ್ಲಿಗೆ ಏರಬಹುದು ಅನ್ನೋದಕ್ಕೆ ಅವರೇ ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಈಗ ಮೆಟ್ರೊನೋಮ್ ಪುಕ್ಕಟೆ ಸಿಗುತ್ತೆ. ಹಳೇ ಹಾಡಿನ ಜೊತೆ ಅದನ್ನು ಹಾಕಿಕೊಂಡು ಕೂತರೆ ಸ್ವಲ್ಪ ಹೊತ್ತಿಗೇ ಎರಡೂ ಬೇರೆ ಬೇರೆ ದಾರಿ ಹಿಡಿದು ನಿಮಗೆ ಹುಚ್ಚು ಹಿಡಿಯುತ್ತೆ. ತಪ್ಪು ನಿಮ್ಮದಲ್ಲ, ಹಾಡಿನದೂ ಅಲ್ಲ. 1970ರ ದಶಕದಲ್ಲಿ ನಮ್ಮ ಹಾಡುಗಳು ಹೆಚ್ಚಾಗಿ ಮದರಾಸಿನಲ್ಲಿ ಧ್ವನಿಮುದ್ರಣ ಆಗುತ್ತಿದ್ದವು. ಗಾಯಕರು, ಪಿಟೀಲಿನವರು, ತಬಲಾದವರು ಎಲ್ಲ ಒಟ್ಟಿಗೆ ಕೂತು ಒಂದೇ ಉಸಿರಿಗೆ ನುಡಿಸಬೇಕು. ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಯಂತ್ರ ಇರಲಿಲ್ಲ. ಆದ್ದರಿಂದ ಹಾಡು ಚರಣದಲ್ಲಿ ಒಂದಿಷ್ಟು ಮುಂದೆ ಹೋಗುತ್ತೆ, ಪಲ್ಲವಿಗೆ ಬಂದು ಕೂರುತ್ತೆ. ಈಗಿನ ಹಾಡುಗಳು ಹೆಚ್ಚಾಗಿ ಯಂತ್ರದ ಎಣಿಕೆಗೇ ಕಟ್ಟಿದವು, ಅಲುಗಾಡೋಲ್ಲ. ಎರಡೂ ಬೇಕು ನಮಗೆ. ಹೊಸ ಹಾಡಿನ ಜೊತೆ ಬಾರಿಸಿದರೆ ನಾವೆಷ್ಟು ಓಡ್ತೀವಿ ಅಂತ ತಿಳಿಯುತ್ತೆ. ಹಳೇ ಹಾಡಿನ ಜೊತೆ ಬಾರಿಸಿದರೆ ಹಾಡುವವರು ಎಷ್ಟು ಓಡಿದರು, ಎಲ್ಲಿ ನಿಂತರು ಅಂತ ಕೇಳೋ ಕಿವಿ ಬರುತ್ತೆ. ವೇದಿಕೆಯ ಮೇಲೆ ಬೇಕಾಗೋದು ಈ ಎರಡನೇದು.

ಕಳಸದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ನಿಮ್ಮಲ್ಲಿಗೆ ಬರುತ್ತವಲ್ಲ. ಮುಂದಿನ ಆಟಕ್ಕೆ ವೇಷ ನೋಡಬೇಡಿ, ಚೆಂಡೆಯವರನ್ನು ನೋಡಿ. ಎಷ್ಟು ಹೊತ್ತು ಸುಮ್ಮನೆ ನಿಂತಿರ್ತಾರೆ! ಮದ್ದಳೆ ಪದ್ಯದ ಜೊತೆ ಹೋಗ್ತಾ ಇರುತ್ತೆ. ಚೆಂಡೆಯವರ ಕಣ್ಣು ಭಾಗವತರ ಕೈಯ ತಾಳದ ಮೇಲೆ. ಯುದ್ಧವೋ ಪ್ರವೇಶವೋ ಬಂತು, ಆಗ ನೋಡಿ ಸಿಡಿಲು. ಮೊದಲಿಂದಲೂ ಬಡೀತಾ ಇದ್ದಿದ್ದರೆ ಆ ಸಿಡಿಲು ಯಾರಿಗೆ ಕೇಳಿಸ್ತಿತ್ತು? ನನ್ನನ್ನು ಮೇಷ್ಟ್ರು ಎರಡು ಆಟಕ್ಕೆ ಎಳೆದುಕೊಂಡು ಹೋಗಿ ಬೆಳಗಿನವರೆಗೆ ಕೂರಿಸಿದರು. ಒಂದರಲ್ಲಿ ನಾನು ನಿದ್ದೆ ಮಾಡಿದೆ, ಒಪ್ಪಿಕೊಳ್ತೀನಿ.

ನಾಲ್ಕನೇ ಹಾಡು ಕೇಳಿ ನಗಬೇಡಿ. ‘ಹ್ಯಾಪಿ ಬರ್ತ್‌ಡೇ’. ಆರ್ಕೆಸ್ಟ್ರಾ ಇದ್ದಲ್ಲಿ ಯಾರದಾದರೂ ಮಗುವಿನ ಹುಟ್ಟುಹಬ್ಬ ಇದ್ದೇ ಇರುತ್ತೆ, ಕಾರ್ಯದರ್ಶಿಗಳು ಚೀಟಿ ಕಳಿಸಿಯೇ ಕಳಿಸ್ತಾರೆ. ನಮ್ಮ ಹುಡುಗರು ಅದನ್ನು ನಾಲ್ಕರ ಎಣಿಕೆಯಲ್ಲಿ ಬಡಿದು ಮಗುವನ್ನು ಅಳಿಸ್ತಾರೆ. ಅದು ಮೂರರ ಎಣಿಕೆ ಸ್ವಾಮಿ! ಒಂದಕ್ಕೆ ಬೇಸ್, ಎರಡು-ಮೂರಕ್ಕೆ ಹೈ-ಹ್ಯಾಟ್, ಅಷ್ಟೇ. ತಬಲಾದವರಿಗೆ ಆರು ಮಾತ್ರೆಯ ದಾದ್ರಾ, ಎಂಟು ಮಾತ್ರೆಯ ಕೆಹರ್ವಾ ಬೇರೆ ಬೇರೆ ಅಂತ ಮೊದಲ ತಿಂಗಳೇ ಗೊತ್ತಿರುತ್ತೆ. ಡ್ರಮ್ಮರ್‌ಗಳು ಮೂರು ವರ್ಷ ಆದರೂ ಎಲ್ಲಕ್ಕೂ ನಾಲ್ಕೇ. ಇದು ಕೈಗೆ ಕೂತ ಮೇಲೆ ನಿಮ್ಮ ನಲವತ್ತು ಹಾಡನ್ನೂ ಚಪ್ಪಾಳೆ ಹಾಕಿ ಎಣಿಸಿ. ಎರಡೋ ಮೂರೋ ಹಾಡಿಗೆ ಇಷ್ಟು ದಿನ ಅನ್ಯಾಯ ಮಾಡಿದ್ದು ಗೊತ್ತಾಗಬಹುದು.

ಇಷ್ಟೇ ಹಾಡು. ಇನ್ನು ರೋಲ್ ವಿಷಯ, ಅದನ್ನು ಬಿಡಿ ಅಂದರೆ ಯಾರು ಬಿಡ್ತಾರೆ? ಮೂರು ಆವರ್ತ ಸಾದಾ ಬಡಿತ, ನಾಲ್ಕನೆಯದರಲ್ಲಿ ರೋಲ್, ಮೆಟ್ರೊನೋಮ್ ಜೊತೆ. ರೋಲ್ ಮುಗಿದು ‘ಒಂದು’ ಅನ್ನುವಲ್ಲಿ ಯಂತ್ರದ ಜೊತೆಗೇ ಇಳಿದಿರಾ, ಅದರ ಮುಂಚೆಯಾ? ಮುಂಚೆಯಾದರೆ ಒಂದು ವಾರ ಆ ನಾಲ್ಕನೇ ಆವರ್ತದಲ್ಲಿ ಏನೂ ಬಾರಿಸದೆ ಕೈ ಕಟ್ಟಿ ಕೂತು ಸರಿಯಾದ ‘ಒಂದು’ಕ್ಕೆ ಬನ್ನಿ. ಖಾಲಿ ಕೂರೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ದಿನಾ ಕೊನೆಗೆ ಒಂದು ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಬೆಳಗ್ಗೆ ಕೇಳಿ. ರಾತ್ರಿಯೇ ಕೇಳಬೇಡಿ, ರಾತ್ರಿ ನಮ್ಮ ಕೈ ನಮಗೆ ಚೆಂದವೇ.

ಲೈನ್ ಮನೆಯಲ್ಲಿ ಸೆಟ್ ಬಾರಿಸೋಕೆ ಅಕ್ಕಪಕ್ಕದವರು ಬಿಡೋಲ್ಲ, ಬಿಡಲೂಬಾರದು. ಬೆಳಗ್ಗೆ ಏಳಕ್ಕೇ ತೋಟಕ್ಕೆ ಹೋಗುವವರು ಅವರು. ಹಲಗೆಗೆ ಹಳೇ ಟ್ಯೂಬಿನ ರಬ್ಬರ್ ಬಿಗಿದು ಮೊಳೆ ಹೊಡೆಯಿರಿ, ಅದೇ ಸ್ನೇರ್. ಗೋಣಿಚೀಲಕ್ಕೆ ಕಾಫಿ ಹೊಟ್ಟು ತುಂಬಿದರೆ ಟಾಮ್. ಚೀಲದಿಂದ ಸ್ಟಿಕ್ ಎಗರೋದಿಲ್ಲ, ಮಣಿಕಟ್ಟೇ ಎತ್ತಬೇಕು. ಅದೂ ಒಳ್ಳೆಯದೇ. ವಾರಕ್ಕೊಮ್ಮೆ ಸೆಟ್ ಬಾರಿಸೋಕೆ ಸಾಹುಕಾರರನ್ನು ಕೇಳಿ ನೋಡಿ. ಮಳೆಗಾಲದಲ್ಲಿ ಕಾಫಿ ಸ್ಟೋರು ಖಾಲಿ ಇರುತ್ತೆ. ನಾನು ಹಾಗೆ ಕೇಳಿ ಪಡೆದದ್ದು. ತಗಡಿನ ಮಾಡಿನ ಮೇಲೆ ಮೂಡಿಗೆರೆಯ ಮಳೆ ಸುರಿಯೋವಾಗ ನನ್ನ ಸಿಂಬಲ್ ನನಗೇ ಕೇಳಿಸ್ತಿರಲಿಲ್ಲ, ಬೇರೆಯವರ ಮಾತಿರಲಿ.

ನನ್ನ ಆ ನಾಲ್ಕು ಹಾಡಿನ ಮಳೆಗಾಲ 2019ರದು. ಆ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆ ಹೋದವು. ಆ ವರ್ಷ ಯಾರೂ ನನ್ನನ್ನು ಕರೆಯಲಿಲ್ಲ, ಕೇಳುವ ಮನಸ್ಸು ನನಗೂ ಇರಲಿಲ್ಲ. ಆಮೇಲೆ 2020, 2021 ಕೊರೋನಾ, ವೇದಿಕೆಗಳೇ ಇಲ್ಲ. ಅಪ್ಪ ‘ಈಗಲಾದ್ರೂ ಪರೀಕ್ಷೆ ಕಟ್ಟು’ ಅಂದರು. ನಾನು ಈ ಪತ್ರಿಕೆಗೆ ಬರೆಯೋಕೆ ಶುರು ಮಾಡಿದೆ, ಗೋಣಿಚೀಲ ಬಡಿಯೋದನ್ನೂ ಬಿಡಲಿಲ್ಲ.

2022ರ ನವೆಂಬರ್, ರಾಜ್ಯೋತ್ಸವ. ಮೇಷ್ಟ್ರ ಶಿಫಾರಸಿನ ಮೇಲೆ ಬೇರೊಂದು ತಂಡ. ವೇದಿಕೆ ಹತ್ತಿ ನೋಡ್ತೀನಿ, ಅದೇ ಗಾಯಕಿ! ಎದೆ ಢವಢವ. ಅವರು ಬಂದು ನಮಸ್ಕಾರ ಹೇಳಿ “ಹೊಸಬರಾ? ಯಾವೂರು?” ಅಂದರು. ಗುರುತೇ ಸಿಕ್ಕಿರಲಿಲ್ಲ! ನಾಲ್ಕು ವರ್ಷ ನಾನು ಹೊತ್ತುಕೊಂಡು ತಿರುಗಿದ ಅವಮಾನ ಅವರಿಗೆ ನೆನಪೂ ಇಲ್ಲ. ‘ಬಾನಲ್ಲೂ ನೀನೆ’ ಬಂತು. ನಾನು ಬಾಯೊಳಗೇ ಜೊತೆಗೆ ಹಾಡಿಕೊಂಡು ಅಂಚಿನ ಬಳೆಗೆ ತಟ್ಟುತ್ತಾ ಹೋದೆ. ಅವರು ಒಂದು ಸಾರಿಯೂ ತಿರುಗಿ ನೋಡಲಿಲ್ಲ. ಮುಗಿದ ಮೇಲೆ ನೀರು ಕುಡಿದು, “ಮುಂದಿನ ಹಾಡು ಶ್ರುತಿ ಸ್ವಲ್ಪ ಇಳಿಸೋಣ” ಅಂತ ಕೀಬೋರ್ಡಿನವರಿಗೆ ಹೇಳಿದರು. ಅಷ್ಟೇ ನಡೆದದ್ದು. ಆ ಮುಂದಿನ ಹಾಡು ‘ಆಕಸ್ಮಿಕ’ದ ‘ಹುಟ್ಟಿದರೆ’. ರಾಜ್ಯೋತ್ಸವ ಅಂದ ಮೇಲೆ ಅದಿಲ್ಲದೆ ಜನ ಮನೆಗೆ ಹೋಗ್ತಾರೆಯೇ? ಅಲ್ಲಿ ಮಾತ್ರ ಎರಡು ರೋಲ್ ಹೊಡೆದೆ. ಎರಡೇ, ಸತ್ಯವಾಗಿ.

ಕಳಸದ ತಮ್ಮಾ, ನಿಮ್ಮ ಗಣಪತಿ ಎಲ್ಲಿ ಕೂರಿಸ್ತಾರೆ, ಕಾರ್ಯಕ್ರಮ ಯಾವ ದಿನ ಅಂತ ಇನ್ನೊಂದು ಕಾರ್ಡು ಹಾಕಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮುಂದಿನ ಬಸ್ ಸಿಕ್ಕರೆ ಬಂದೇ ಬರ್ತೀನಿ. ಹಿಂದಿನ ಸಾಲಿನಲ್ಲಿ ಕೂರ್ತೀನಿ. ನನ್ನ ಕಡೆ ನೋಡಬೇಡಿ, ಹಾಡುವವರ ಬೆನ್ನು ನೋಡಿಕೊಂಡು ಬಾರಿಸಿ.